ಕದ್ದವರ ಲೇಖನ ಮೊದಲು ಅಚ್ಚಾದರೆ?

ನನ್ನ ತಂಗಿ ಪಿಎಚ್‌.ಡಿ. ಮಾಡುತ್ತಿರುವುದು ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳ ಮೇಲೆ. ಎರಡು ಬೇಸಿಗೆ ಮನೆಮನೆ ತಿರುಗಿ, ಮಗ್ಗದ ಮುಂದೆ ಕೂತು, ದಿನಕ್ಕ ಎಷ್ಟು ನೇಯ್ತೀರಿ, ಕೈಗೆಷ್ಟು ಸಿಗತೈತಿ ಎಂದು ಕೇಳಿ ಬರೆದುಕೊಂಡವಳು. ಹೋದ ವರ್ಷ ಒಂದು ಜರ್ನಲ್‌ನಲ್ಲಿ ಅವಳ ಕೋಷ್ಟಕಗಳು ಹಾಗೇ ಕಂಡವು, ಹೆಸರು ಮಾತ್ರ ಬೇರೆಯವರದು. ವಿಚಾರ ಸಂಕಿರಣವೊಂದಕ್ಕೆ ಕಳಿಸಿದ್ದ ಪ್ರಬಂಧ ಯಾರ ಕೈಗೋ ಹೋಗಿತ್ತು.

ಸಿಟ್ಟಿಗಿಂತ ಅಂಜಿಕೆ ದೊಡ್ಡದಿತ್ತು. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಹೋಲಿಕೆ ಶೇ 10 ದಾಟಿದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40 ದಾಟಿದರೆ ಒಂದು ವರ್ಷ ಕೊಡುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ‘ಅಣ್ಣಾ, ನನ್ನ ಬರಹಕ್ಕ ನಾನ ಕಳ್ಳಿ ಆಗ್ತೀನೇನು?’ ಅಂದಳು.

ಸಾಫ್ಟ್‌ವೇರ್ ಕೆಲಸದವನಾಗಿ ಹೇಳುತ್ತೇನೆ, ಆ ತಂತ್ರಾಂಶ ಹುಡುಕುವುದು ಕಳವನ್ನಲ್ಲ, ಒಂದೇ ಥರದ ಪದಗಳ ಸಾಲನ್ನು. ಯಾರು ಮೊದಲು ಬರೆದರು ಎಂಬುದು ಅದಕ್ಕೆ ತಿಳಿಯದು. (ಹಳೇ ನುಡಿ ಫಾಂಟ್‌ನ ಕಡತ ಕೊಟ್ಟರಂತೂ ಅದಕ್ಕೆ ಕನ್ನಡವೇ ಕಾಣದು, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ!)

ಎರಡು ರಾತ್ರಿ ಕೂತು ಎಡಕ್ಕೆ ಅವಳದು, ಬಲಕ್ಕೆ ಅವರದು ಇಟ್ಟು ಪಟ್ಟಿ ಮಾಡಿದೆವು. ಒಂದು ಕೋಷ್ಟಕದಲ್ಲಿ ಅವಳು 64ರ ಬದಲು 46 ಎಂದು ಹೊಡೆದಿದ್ದಳು. ಅಲ್ಲೂ 46! ಹೆಬ್ಬೆಟ್ಟಿನ ಗುರುತಿದ್ದ ಸಮೀಕ್ಷೆ ಹಾಳೆಗಳು, ಮಾರ್ಗದರ್ಶಕರಿಗೆ ಕಳಿಸಿದ್ದ ತಾರೀಕಿನ ಮೇಲ್, ಎಲ್ಲಾ ಜೋಡಿಸಿದೆವು. ‘ಬಿಡವ್ವಾ, ಹೊಸದಾಗಿ ಬರಿ’ ಅಂದವರೇ ಹೆಚ್ಚು. ಅವಳು ಬಿಡಲಿಲ್ಲ, ಸಂಪಾದಕರಿಗೆ ಬರೆದಳು.

ವಾರದಲ್ಲಿ ಆ ಲೇಖನ ಮಾಯವಾಯಿತು. ಮನೆಯವರಿಗೆಲ್ಲ ಖುಷಿ, ನನಗೆ ಮಾತ್ರ ಇದು ಇನ್ನೂ ಕೆಟ್ಟದ್ದು ಅನ್ನಿಸಿತು. ಸದ್ದಿಲ್ಲದೆ ಅಳಿಸಿದರೆ ಕಳವಾಗಿತ್ತು ಅನ್ನೋದಕ್ಕೆ ದಾಖಲೆ ಎಲ್ಲಿ? ಸಂಪಾದಕರು ಲೇಖಕರ ವಿವರಣೆ ಕೇಳಬೇಕು, ಅದು ಸರಿಬೀಳದಿದ್ದರೆ ಅವರ ಸಂಸ್ಥೆಗೆ ತಿಳಿಸಬೇಕು, ಕಾರಣ ಕೊಟ್ಟು ಹಿಂಪಡೆದ ಪ್ರಕಟಣೆ ಹಾಕಬೇಕು. ನಮ್ಮ ಸಿ.ಎನ್.ಆರ್. ರಾವ್ ಅವರ ತಂಡ 2011ರಲ್ಲಿ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯವರ ಕೆಲವೇ ವಾಕ್ಯ ಸೇರಿದ್ದವು, ಅದಕ್ಕೇ ಅದೇ ಜರ್ನಲ್‌ನಲ್ಲಿ ಬಹಿರಂಗವಾಗಿ ಕ್ಷಮೆ ಅಚ್ಚಾಯಿತು. ಇಲ್ಲಿ ಇಡೀ ಕೋಷ್ಟಕ ಹೋಗಿದ್ದರೂ ಚಕಾರವಿಲ್ಲ.

ಮತ್ತೆ ಬರೆದೆವು. ನಾಲ್ಕು ತಿಂಗಳ ಮೇಲೆ ಎರಡು ಸಾಲಿನ ಪ್ರಕಟಣೆ ಬಂತು. ಅದರಲ್ಲಿ ತಂಗಿಯ ಹೆಸರಿಲ್ಲ, ಕಾರಣ ಮಾತ್ರ ಇದೆ. ಅವಳು ಅದರ ಪ್ರಿಂಟ್ ತೆಗೆದು ಮಾರ್ಗದರ್ಶಕರ ಟೇಬಲ್ ಮೇಲಿಟ್ಟು ಬಂದಳು.