ತಡವಾಗಿ ತಿಳಿದದ್ದು

ನಾವೆಲ್ಲ ಬರೀ ‘ಅಕ್ಕ’ ಎಂದು ಕರೆಯುವ ನನ್ನ ದೊಡ್ಡಮ್ಮನ ಮಗಳಿಗೆ ಮೊದಲಿನಿಂದಲೂ ಮಮ್ಮುಟ್ಟಿ ಎಂದರೆ ಇಷ್ಟ. ಮಲಯಾಳಂ ಒಂದಕ್ಷರ ಬಾರದಿದ್ದರೂ “ಆ ಮನುಷ್ಯ ಸುಮ್ಮನೆ ನಿಂತುಕೊಂಡರೂ ಸಾಕು ಕಣೇ, ನೋಡ್ತಾ ಇರಬಹುದು” ಎನ್ನುವವಳು. ಹೋದ ಮಳೆಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಹದಿನೈದು ದಿನ ನಮ್ಮ ಮನೆಯಲ್ಲಿದ್ದಳು. ಡಾಕ್ಟರು ಇನ್ನು ಟೀವಿ ನೋಡಬಹುದು ಎಂದ ದಿನ, ಬೆಂಗಳೂರಿನಿಂದ ಬಂದಿದ್ದ ನನ್ನ ಮಗಳು “ದೊಡ್ಡಮ್ಮಾ, ನಿಮ್ಮ ಮಮ್ಮುಟ್ಟಿದೇ ಒಂದು ಹಾಕ್ತೀನಿ” ಎಂದು ‘ಕಾದಲ್ - ದಿ ಕೋರ್’ ಎಂಬ ಸಿನಿಮಾ ಹಾಕಿಕೊಟ್ಟು, ತಾನು ಸ್ನೇಹಿತೆಯ ಮನೆಗೆ ಹೊರಟುಹೋದಳು. ಹೊರಗೆ ಧೋ ಎಂದು ಮಳೆ. ಒಳಗೆ ನಾವಿಬ್ಬರು, ಒಂದು ಬಟ್ಟಲು ಹುರಿದ ಶೇಂಗಾ.

ಮಾತು ಮಲಯಾಳಂನಲ್ಲಿ, ಕೆಳಗೆ ಅಕ್ಷರ ಇಂಗ್ಲಿಷಿನಲ್ಲಿ. ಅಕ್ಕನ ಕಣ್ಣಿಗೆ ಇನ್ನೂ ಅಷ್ಟು ಸಣ್ಣ ಅಕ್ಷರ ಹಿಡಿಯುತ್ತಿರಲಿಲ್ಲವಾದ್ದರಿಂದ ನಾನೇ ಓದಿ ಕನ್ನಡದಲ್ಲಿ ಹೇಳುವುದೆಂದು ಒಪ್ಪಂದವಾಯಿತು. ಏನು ಹೇಳಬೇಕಾಗಿ ಬರುತ್ತದೆಂದು ನನಗಾದರೂ ಎಲ್ಲಿ ಗೊತ್ತಿತ್ತು?

ಕೊಟ್ಟಾಯಂ ಜಿಲ್ಲೆಯ ತೀಕೋಯಿ ಎಂಬ ಊರು. ಮಮ್ಮುಟ್ಟಿ ಅಲ್ಲಿ ಮ್ಯಾಥ್ಯೂ ದೇವಸ್ಸಿ, ಊರವರೆಲ್ಲ ಗೌರವಿಸುವ ಸಂಭಾವಿತ. ಮನೆಯಲ್ಲಿ ವಯಸ್ಸಾದ ತಂದೆ, ಹೆಂಡತಿ ಓಮನಾ, ಕಾಲೇಜು ಓದುವ ಮಗಳು. ಪಂಚಾಯ್ತಿಯ ಉಪಚುನಾವಣೆಗೆ ನಿಲ್ಲಿ ಎಂದು ಪಕ್ಷದವರು ಮನೆಗೆ ಬಂದು ಒಪ್ಪಿಸುತ್ತಾರೆ. ಅದೇ ಹೊತ್ತಿಗೆ ಓಮನಾ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾಳೆಂದು ತಿಳಿಯುತ್ತದೆ. ಅದೂ ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ! ಗಂಡ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಹಾಗಾದರೆ ಕಾರಣವೇನು? ನನ್ನ ಗಂಡನ ಮನಸ್ಸು ಹೆಂಗಸರ ಮೇಲಿಲ್ಲ, ಗಂಡಸಿನ ಮೇಲಿದೆ ಎನ್ನುತ್ತಾಳೆ ಅವಳು.

ಅಲ್ಲಿ ನಾನು ತಡವರಿಸಿದೆ. ಅರವತ್ತು ದಾಟಿದ ನನಗೆ ‘ಸಲಿಂಗಕಾಮ’ ಎಂಬ ಮಾತನ್ನು ಪತ್ರಿಕೆಯಲ್ಲಿ ಓದಿ ಗೊತ್ತೇ ಹೊರತು ಬಾಯಿಬಿಟ್ಟು ಯಾರೆದುರೂ ಆಡಿ ಗೊತ್ತಿಲ್ಲ. “ಅದೇ... ಗಂಡಸರು ಗಂಡಸರು...” ಎಂದು ಏನೋ ಗೊಣಗಿದೆ. ಅಕ್ಕ ಶೇಂಗಾ ಬಟ್ಟಲನ್ನು ಕೆಳಗಿಟ್ಟು, “ಅರ್ಥವಾಯ್ತು. ಮುಂದೆ ಓದು” ಎಂದಳು.

ಸಿನಿಮಾದ ಕೋರ್ಟಿನಲ್ಲಿ ಮ್ಯಾಥ್ಯೂ ಎಲ್ಲವನ್ನೂ ಅಲ್ಲಗಳೆಯುತ್ತಾನೆ. ಡ್ರೈವಿಂಗ್ ಶಾಲೆ ನಡೆಸುವ ತಂಗನ್ ಎಂಬವನ ಹೆಸರು ಬರುತ್ತದೆ. ಊರಿನ ನಗೆಯಲ್ಲಿ ಆ ಬಡಪಾಯಿಯೂ ಬೇಯುತ್ತಾನೆ. ಕೊನೆಗೆ ಮ್ಯಾಥ್ಯೂವಿನ ಮುದಿ ತಂದೆ, ಮಗನ ವಿಷಯ ತನಗೆ ಮೊದಲೇ ಗೊತ್ತಿತ್ತು, ಮದುವೆಯಾದರೆ ಸರಿಹೋಗುತ್ತಾನೆಂದು ತಾನೇ ಒತ್ತಾಯಿಸಿ ಮಾಡಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟನ್ನು ನಾನು ಓದಿ ಹೇಳುತ್ತಿದ್ದಂತೆ ಅಕ್ಕ, “ಸ್ವಲ್ಪ ನಿಲ್ಲಿಸೇ” ಎಂದು ಎದ್ದು ಅಡಿಗೆಮನೆಗೆ ಹೋದಳು. ಲೋಟಗಳನ್ನು ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾವು ಕುಡಿದ ಕಾಫಿ ಲೋಟಗಳು ಎರಡೇ.

ಇನ್ನು ನಾನು ನನ್ನ ತಪ್ಪಿನ ಕಥೆಗೆ ಬರಬೇಕು.

ಅಕ್ಕನ ಮದುವೆಯಾದದ್ದು 1979ರಲ್ಲಿ. ಭಾವ ಹೈಸ್ಕೂಲು ಮೇಷ್ಟರು. ಅಂಥ ಗಂಡ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಎಂದು ನಮ್ಮ ಮನೆಯಲ್ಲೆಲ್ಲ ಮಾತು. ಒಂದು ದಿನ ಗದರಿದವರಲ್ಲ. ಸೀರೆ ತಂದರೆ ಬಣ್ಣ ಎಂಥ ಚೆಂದ! ಅಕ್ಕ ಮುಟ್ಟಾದರೆ ತಾವೇ ಅನ್ನ ಸಾರು ಮಾಡಿ ಬಡಿಸುತ್ತಿದ್ದರು. ಮಕ್ಕಳಾಗಲಿಲ್ಲ, ಅಷ್ಟೇ. ಅದಕ್ಕಾಗಿ ಅಶ್ವತ್ಥ ಪ್ರದಕ್ಷಿಣೆ, ನಾಗಪ್ರತಿಷ್ಠೆ, ಆಸ್ಪತ್ರೆ ಎಂದು ಅಲೆದವಳು ಅಕ್ಕ. ಪರೀಕ್ಷೆಗಳೆಲ್ಲ ಅವಳಿಗೇ. ‘ನಿಮ್ಮವರನ್ನೂ ಕರೆದುಕೊಂಡು ಬನ್ನಿ’ ಎಂದ ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಲಿಲ್ಲ.

1986ರಲ್ಲಿ, ಬಂಧುಗಳ ಒಂದು ಮದುವೆಯಲ್ಲಿ, ಬಾವಿಕಟ್ಟೆಯ ಹತ್ತಿರ ಅಕ್ಕ ನನ್ನನ್ನು ಕೈಹಿಡಿದು ನಿಲ್ಲಿಸಿದಳು. “ನಿನಗೆ ಒಂದು ಕೇಳಲಾ? ನಿನ್ನ ಗಂಡ... ನಿನ್ನ ಹತ್ತಿರ ಬರುತ್ತಾರಲ್ಲವೇ?” ನನಗೆ ಮದುವೆಯಾಗಿ ಎರಡು ವರ್ಷ, ಕಂಕುಳಲ್ಲಿ ಕೂಸು. ನಾಚಿಕೆಗೂ ಜಂಬಕ್ಕೂ ನಕ್ಕುಬಿಟ್ಟೆ. ಆಮೇಲೆ ದೊಡ್ಡ ತಿಳಿದವಳ ಹಾಗೆ, “ನೀನು ಯಾವಾಗ ನೋಡಿದರೂ ಆ ಹಳೇ ವಾಯಿಲ್ ಸೀರೆ, ಎಣ್ಣೆ ಹಚ್ಚಿದ ತಲೆ. ಸ್ವಲ್ಪ ಅಲಂಕಾರ ಮಾಡ್ಕೋ, ಹೂ ಮುಡಿ. ಇಬ್ಬರೂ ಎಲ್ಲಾದರೂ ನಾಲ್ಕು ದಿನ ಹೋಗಿಬನ್ನಿ” ಎಂದೆ. ಅಕ್ಕ ಹೂಂ ಎಂದಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಮುಂದಿನ ಸಲ ನೋಡಿದಾಗ ಅವಳ ತಲೆಯ ತುಂಬಾ ಮಲ್ಲಿಗೆ ಇತ್ತು. ನನ್ನ ಉಪದೇಶ ಫಲಿಸಿತು ಎಂದುಕೊಂಡೆ!

ಲೋಟ ತೊಳೆದು ಬಂದ ಅಕ್ಕ, ಸಿನಿಮಾ ಪೂರ್ತಿ ನೋಡಿದಳು. ರಾತ್ರಿ ದೀಪ ಆರಿಸಿದ ಮೇಲೆ ತಾನಾಗಿ ಹೇಳಿದಳು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತಷ್ಟೆ. ಮಾರನೆಯ ಬೆಳಿಗ್ಗೆ ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಭಾವ ಪತ್ರಿಕೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, ಆ ಸುದ್ದಿಯ ಮೇಲೆ ಬೆರಳಿಟ್ಟು, “ಇದು ನಾನು ಕಣೇ” ಎಂದರಂತೆ. ಅವರಿಗಾಗ ಅರವತ್ತೈದು ವರ್ಷ.

“ನೀನೇನು ಹೇಳಿದೆ?” ಎಂದೆ.

“ಒಲೆ ಮೇಲೆ ಬೇಳೆ ಇತ್ತು. ಇಳಿಸಿ, ಕೈ ಒರೆಸಿಕೊಂಡು ಪತ್ರಿಕೆ ತಗೊಂಡು ಓದಿದೆ. ಎರಡು ಸಲ ಓದಿದೆ. ಆಮೇಲೆ, ಹಾಗಾದ್ರೆ ನನ್ನಲ್ಲಿ ಏನೂ ಕೊರತೆ ಇರಲಿಲ್ವಾ ಅಂತ ಕೇಳಿದೆ. ಅವರು ಗೋಡೆಗೆ ಒರಗಿ ಕೂತು ಅತ್ತರು ಕಣೇ. ಮೂವತ್ತೊಂಬತ್ತು ವರ್ಷದಲ್ಲಿ ಅವರು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು.”

ಭಾವ ಮದುವೆಗೆ ಮೊದಲೇ ತಮ್ಮ ತಾಯಿಯ ಹತ್ತಿರ, ನನಗೆ ಮದುವೆ ಬೇಡ, ಹೆಣ್ಣಿನ ಮೇಲೆ ಮನಸ್ಸು ಬರುವುದಿಲ್ಲ ಎಂದಿದ್ದರಂತೆ. ತಾಯಿ ಎರಡು ದಿನ ಊಟ ಬಿಟ್ಟು ಮಲಗಿದರು. ಒಂದು ಹುಡುಗಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ಹೇಳಿದರು, ಇವರೂ ನಂಬಿದರು. ಎಷ್ಟೋ ವರ್ಷ, ಇವತ್ತಲ್ಲ ನಾಳೆ ಸರಿಹೋದೇನು ಎಂದು ಕಾದರು. ತಾವು ಹೀಗೆಯೇ, ಇದು ಹೋಗುವಂಥದ್ದಲ್ಲ ಎಂದು ತಮಗೆ ತಾವೇ ಒಪ್ಪಿಕೊಳ್ಳುವಷ್ಟರಲ್ಲಿ ತಲೆ ನರೆತಿತ್ತು. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಆ ಎರಡು ವರ್ಷ ನಾವಿಬ್ಬರೂ ಚೆನ್ನಾಗಿದ್ದೆವು, ಮಾತಾಡಿದೆವು ಎಂದಳು ಅಕ್ಕ.

“ನಿನಗೆ ಭಾವನ ಮೇಲೆ ಕೋಪವಿಲ್ವಾ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇತ್ತು. ಈಗಲೂ ಒಂದೊಂದು ಸಲ ಬರುತ್ತೆ. ಆದ್ರೆ ನಮ್ಮತ್ತೆಗೆ ಗೊತ್ತಿತ್ತಲ್ಲ! ಗೊತ್ತಿದ್ದೂ ನನ್ನ ಕೈಗೆ ಕಷಾಯ ಕೊಡ್ತಿದ್ರಲ್ಲ! ಕೇಳದೆ ಮಾಡದೆ ನನ್ನನ್ನೇ ಅವರಿಗೆ ಔಷಧಿ ಮಾಡಿದರು. ಔಷಧಿ ನಾಟದೇ ಹೋದಾಗ ಔಷಧಿಯದೇ ತಪ್ಪು ಅಂದರು.”

ಕತ್ತಲಲ್ಲಿ ನನಗೆ ಬಾವಿಕಟ್ಟೆ ನೆನಪಾಯಿತು. ಹಾಗೆಂದವರಲ್ಲಿ ನಾನೂ ಒಬ್ಬಳು. “ಅಕ್ಕಾ, ಆವತ್ತು ನಾನು...” ಎಂದೆ. “ನಿನಗೇನು ಗೊತ್ತಿತ್ತು ಬಿಡು, ಮಲ್ಲಿಗೆ ಮುಡಿ ಅಂದೆ” ಎಂದು ಅವಳು ನಕ್ಕಳು. ಬೈದಿದ್ದರೆ ಒಳ್ಳೆಯದಿತ್ತು.

ಅಕ್ಕ ಊರಿಗೆ ಹೋದ ಮೇಲೆ ನನಗೆ ಆ ವಿಷಯ ತಲೆಯಿಂದ ಹೋಗಲಿಲ್ಲ. ಇಂಥ ಬೇರೆ ಸಿನಿಮಾ ಇದ್ದರೆ ಹಾಕಿಕೊಡು ಎಂದು ಮಗಳನ್ನು ಕೇಳಿದೆ. ಅವಳು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ, ಎರಡು ಅಮೆರಿಕದ ಸಿನಿಮಾ ಹಾಕಿಕೊಟ್ಟಳು.

ಒಂದು 1982ರ ‘ಮೇಕಿಂಗ್ ಲವ್’, ಆರ್ಥರ್ ಹಿಲ್ಲರ್ ನಿರ್ದೇಶನದ್ದು. ಲಾಸ್ ಏಂಜಲೀಸಿನ ಡಾಕ್ಟರು ಜ್ಯಾಕ್, ಟೀವಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವ ಅವನ ಹೆಂಡತಿ ಕ್ಲೇರ್. ಎಂಟು ವರ್ಷದ ಅನ್ಯೋನ್ಯ ದಾಂಪತ್ಯ. ಇಬ್ಬರಿಗೂ ಒಬ್ಬನೇ ಕವಿ ಇಷ್ಟ. ಹುಟ್ಟುವ ಮಗುವಿಗೆ ಅವನ ಹೆಸರನ್ನೇ, ರೂಪರ್ಟ್ ಎಂದು, ಇಡಬೇಕೆಂಬ ಆಸೆ. ಆಗ ರೋಗಿಯಾಗಿ ಬಂದ ಬಾರ್ಟ್ ಎಂಬ ಲೇಖಕನ ಮೇಲೆ ಡಾಕ್ಟರನ ಮನಸ್ಸು ಹರಿಯುತ್ತದೆ. ತಾನು ಯಾರೆಂದು ಅವನಿಗೆ ತಿಳಿಯುವುದೇ ಆಗ. ಕ್ಲೇರ್ ಮೊದಲು ಬೇರೆ ಹೆಂಗಸಿದ್ದಾಳೆಂದು ಅನುಮಾನಿಸುತ್ತಾಳೆ, ನಾವಾದರೂ ಅಷ್ಟೇ ತಾನೇ? ನಿಜ ತಿಳಿದಾಗ ಕಿರುಚಾಡುತ್ತಾಳೆ, ಹೇಗಾದರೂ ಉಳಿಸಿಕೊಳ್ಳಲು ನೋಡುತ್ತಾಳೆ. ಈ ಸಿನಿಮಾದಲ್ಲಿ ನಡುನಡುವೆ ಕ್ಲೇರ್ ಮತ್ತು ಬಾರ್ಟ್ ಇಬ್ಬರೂ ನೇರವಾಗಿ ನಮ್ಮ ಕಡೆ ತಿರುಗಿ ತಮ್ಮ ಮನಸ್ಸು ಹೇಳಿಕೊಳ್ಳುತ್ತಾರೆ. ಅದು ನನಗೆ ಬಹಳ ಹಿಡಿಸಿತು. ಹೆಂಡತಿಗೂ ಹೇಳಲು ಏನೋ ಇದೆ ಎಂದು ಆ ಕಾಲಕ್ಕೇ ಯಾರಿಗೋ ಅನ್ನಿಸಿತ್ತಲ್ಲ. ಕೊನೆಗೆ, ವರ್ಷಗಳಾದ ಮೇಲೆ, ಇಬ್ಬರಿಗೂ ಬೇಕಾಗಿದ್ದ ಒಬ್ಬ ಮುದುಕಿಯ ಅಂತ್ಯಸಂಸ್ಕಾರದಲ್ಲಿ ಅವರು ಭೇಟಿಯಾಗುತ್ತಾರೆ. ಅವಳಿಗೆ ಬೇರೆ ಮದುವೆಯಾಗಿ ಮಗನಿದ್ದಾನೆ. ಅವನ ಹೆಸರು ರೂಪರ್ಟ್.

ಇನ್ನೊಂದು 2002ರಲ್ಲಿ ಟಾಡ್ ಹೇನ್ಸ್ ಮಾಡಿದ ‘ಫಾರ್ ಫ್ರಮ್ ಹೆವನ್’. ಕಥೆ ನಡೆಯುವುದು 1957ರಲ್ಲಿ, ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಗಂಡ ಆಫೀಸಿನಲ್ಲಿ ತಡವಾಗಿ ಕೆಲಸ ಮಾಡುತ್ತಿದ್ದಾನೆಂದು ಪಾಪ ಹೆಂಡತಿ ಊಟ ಕಟ್ಟಿಕೊಂಡು ಹೋಗುತ್ತಾಳೆ. ಬಾಗಿಲು ತೆಗೆದರೆ ಅವನು ಇನ್ನೊಬ್ಬ ಗಂಡಸಿನ ತೋಳಿನಲ್ಲಿ! ಆಗ ಅವರಿಬ್ಬರೂ ಹೋಗುವುದು ಡಾಕ್ಟರ ಹತ್ತಿರ, ಈ ಕಾಯಿಲೆಗೆ ಔಷಧಿ ಕೊಡಿ ಎಂದು. ನನಗೆ ನಗು ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದ್ದೇ 1990ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ನಾನು ಮಲ್ಲಿಗೆಯ ಔಷಧಿ ಬರೆದುಕೊಟ್ಟಿದ್ದೆ.

ಇಂಥ ಗಂಡಸರ ಹೆಂಡಂದಿರಿಗೆ ಚೀನೀ ಭಾಷೆಯಲ್ಲಿ ‘ತೊಂಗ್‌ಚಿ’ ಎಂಬ ಪದವೇ ಇದೆಯೆಂದು ಮಗಳು ಹೇಳಿದಳು. ಅಷ್ಟು ಜನರಿದ್ದುದರಿಂದಲೇ ತಾನೇ ಪದ ಬೇಕಾದದ್ದು? ಕನ್ನಡದಲ್ಲಿ ಅಂಥ ಹೆಂಗಸನ್ನು ಏನೆಂದು ಕರೆಯುತ್ತೇವೆ? ‘ಬಂಜೆ’ ಎಂದಿದ್ದೇವೆ, ‘ಗಂಡನನ್ನು ಹಿಡಿದಿಟ್ಟುಕೊಳ್ಳಲಾರದವಳು’ ಎಂದಿದ್ದೇವೆ.

ಇದನ್ನು ಓದಿ, ಗಂಡ ಆ ಕಡೆ ಮುಖ ತಿರುಗಿಸಿ ಮಲಗಿದ ಕೂಡಲೇ ಯಾರೂ ಅನುಮಾನ ಪಡಬೇಕಾಗಿಲ್ಲ ಮತ್ತೆ! ಹಗಲೆಲ್ಲ ದುಡಿದವನಿಗೆ ನಿದ್ದೆಯೂ ಬರುತ್ತದೆ. ನಾನು ಹೇಳುವುದು ಬೇರೆ. ‘ತಡವಾಗಿ ತಿಳಿಯಿತು’ ಎನ್ನುತ್ತೇವಲ್ಲ, ಆ ತಡ ಎಲ್ಲಿಂದ ಬಂತು? ಭಾವನಿಗೆ ಇಪ್ಪತ್ತೈದಕ್ಕೇ ಅರ್ಧ ತಿಳಿದಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದರು. ಕೇಳಿಸಿಕೊಳ್ಳಬೇಕಾದವರು ಊಟ ಬಿಟ್ಟು ಮಲಗಿದರು. ಕಾನೂನು ಅಪರಾಧ ಎಂದಿತು, ವೈದ್ಯರು ಕಾಯಿಲೆ ಎಂದರು, ಮನೆಯವರು ಮುಹೂರ್ತ ಇಟ್ಟರು. ಈಗ ಅದು ಅಪರಾಧವಲ್ಲ, ನಿಜ. ಆದರೆ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ‘ಕಾದಲ್’ ತೆರೆಗೆ ಬಂದದ್ದು ಅದಾಗಿ ಐದು ವಾರಕ್ಕೆ, ನವೆಂಬರ್ 23ರಂದು. ಹೀಗಿರುವಾಗ ನಮ್ಮ ಊರುಗಳ ಹುಡುಗರನ್ನು ಒಪ್ಪಿಸಿ ಹಸೆಮಣೆ ಹತ್ತಿಸುವುದು ನಿಂತೀತೇ? ಅವರ ಪಕ್ಕದಲ್ಲಿ ಏನೂ ತಿಳಿಯದೆ ತಲೆ ತಗ್ಗಿಸಿ ಕೂರುವ ಹುಡುಗಿ ಯಾರ ಮಗಳು?

‘ಕಾದಲ್’ನ ಓಮನಾ ನನಗೆ ಮೆಚ್ಚುಗೆಯಾದದ್ದು ಅದಕ್ಕೇ. ಅವಳು ಗಂಡನ ಮಾನ ಕಳೆಯಲು ಕೋರ್ಟಿಗೆ ಹೋದವಳಲ್ಲ. ತನಗೂ ಬಿಡುಗಡೆ, ಅವನಿಗೂ ಬಿಡುಗಡೆ ಎಂದು ಹೋದವಳು. ಕೇಸು ನಡೆಯುವಾಗಲೂ ಅದೇ ಮನೆಯಲ್ಲಿ ಇರುತ್ತಾಳೆ. ಮುದಿ ಮಾವನೂ ಅವಳ ಪರ. ಕಡೆಯಲ್ಲಿ ಗಂಡ ಅವಳನ್ನು ಅಪ್ಪಿಕೊಂಡು ದೇವರನ್ನು ಕೂಗಿ ಅಳುವಾಗ, ಇಷ್ಟು ವರ್ಷ ಇವರಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದ್ದರು ಎಂದು ನೋಡುವವರಿಗೆ ತಿಳಿಯುತ್ತದೆ.

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೆಂಗಸರೆಲ್ಲ ಕೂತಿದ್ದೆವು. ಮನೆಯಾಕೆ ತನ್ನ ಮೈದುನನ ಮಗನ ವಿಷಯ ತೆಗೆದಳು. ಮೂವತ್ತೆರಡಾಯಿತು, ಒಳ್ಳೆಯ ಸಂಬಳ, ಯಾವ ಹುಡುಗಿ ತೋರಿಸಿದರೂ ಬೇಡ ಎನ್ನುತ್ತಾನೆ. “ಒಂದು ಸಲ ಕಟ್ಟಿಬಿಟ್ಟರೆ ಎಲ್ಲಾ ತಾನಾಗೇ ಸರಿಹೋಗುತ್ತೆ” ಎಂದು ಒಬ್ಬರೆಂದರು. ಉಳಿದವರು ಹೌದೆಂದರು. ಹಿಂದಾಗಿದ್ದರೆ ನಾನೂ ತಲೆಯಾಡಿಸಿ, ನನಗೆ ಗೊತ್ತಿರುವ ಎರಡು ಜಾತಕ ಹೇಳುತ್ತಿದ್ದೆ.

“ಬೇಡ ಯಾಕಂತೆ? ಅವನನ್ನು ಕೂರಿಸಿಕೊಂಡು ಯಾರಾದರೂ ಕೇಳಿದ್ದೀರಾ?” ಎಂದೆ.

ಎಲ್ಲರೂ ನನ್ನ ಮುಖ ನೋಡಿದರು. ಮನೆಯಾಕೆ, “ಕೇಳೋದೇನಿದೆ, ಏನೋ ಹುಡುಗಾಟ” ಎಂದು ಮಾತು ಹಾರಿಸಿದಳು. ಹುಡುಗನಿಗೆ ಎಷ್ಟೋ ಕಾರಣಗಳಿರಬಹುದು. ಬೇರೆ ಜಾತಿಯ ಹುಡುಗಿಯ ಮೇಲೆ ಮನಸ್ಸಿರಬಹುದು, ಒಂಟಿಯಾಗಿರುವುದೇ ಇಷ್ಟವಿರಬಹುದು. ನನಗೇನು ಗೊತ್ತು? ಆದರೂ ಬಿಡದೆ, “ಬೈಯದೇ, ಅಳದೇ, ಒಂದು ಸಲ ಕೇಳಿ. ಅವನು ಏನು ಹೇಳಿದರೂ ಊಟ ಬಿಡಬೇಡಿ” ಎಂದೆ. ಯಾರೋ ಕಿಸಕ್ಕೆಂದರು. ಊಟದ ಮಾತು ಯಾಕೆ ಬಂತೆಂದು ಅವರಿಗೆ ಹೇಗೆ ತಿಳಿಯಬೇಕು?

ಮೂಲೆಯಲ್ಲಿ ಹುಡುಗನ ತಾಯಿ ಕೂತಿದ್ದರು. ಅವರು ನಗಲಿಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದು, ಚಪ್ಪಲಿ ಹಾಕಿಕೊಳ್ಳುವವರೆಗೂ ನಿಂತು, “ನಿಮ್ಮ ಫೋನ್ ನಂಬರ್ ಕೊಡ್ತೀರಾ?” ಎಂದು ಮೆಲ್ಲಗೆ ಕೇಳಿದರು.