ನಾಲ್ಕು ಕವಡೆ, ಒಂದು ತಾಸು

ಗೇಮ್ ಡೆವಲಪರ್ ಹುದ್ದೆಯ ಕೋಡಿಂಗ್ ಸಂದರ್ಶನ ಕೆಡುವುದು ಬಹುಮಟ್ಟಿಗೆ ಪ್ರಶ್ನೆಯಲ್ಲೇ. ಸಿಗುವುದು ಒಂದು ತಾಸು. ಅಷ್ಟರಲ್ಲಿ ಲಿಂಕ್ಡ್ ಲಿಸ್ಟ್ ತಿರುವಿ ಹಾಕಿಸುವುದು, ಬೈನರಿ ಟ್ರೀಯ ಎತ್ತರ ಕೇಳುವುದು ಇಂದಿಗೂ ನಡೆದೇ ಇದೆ. ಇವುಗಳ ಉತ್ತರ ಬಾಯಿಪಾಠವಾಗಿರುತ್ತದೆ, ಬ್ಯಾಂಕಿನ ತಂತ್ರಾಂಶ ಬರೆಯುವವರಿಗೂ ಇದೇ ಪ್ರಶ್ನೆ. ಗೇಮ್ ಬರೆಯುವವರ ಕಷ್ಟವೇ ಬೇರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ದಕ್ಕುವುದು 16.67 ಮಿಲಿಸೆಕೆಂಡ್. ಆಟಗಾರನ ಬೆರಳು ಎಲ್ಲಿ ಒತ್ತಿತೆಂದು ಓದುವುದು, ಪಾತ್ರಗಳನ್ನು ಸರಿಸುವುದು, ಯಾವುದು ಯಾವುದಕ್ಕೆ ತಾಗಿತೆಂದು ನೋಡುವುದು, ಚಿತ್ರ ಬಿಡಿಸುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಸಂದರ್ಶನದ ಪ್ರಶ್ನೆ ಈ ಕೆಲಸದ ಸುತ್ತ ಇರಬೇಕು.

ಕರ್ನಾಟಕದಲ್ಲಿ ಈ ಉದ್ಯಮ ಹೊಸದೇನಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ‍್ಯಾಕ್ಟಿವ್ ಕಟ್ಟಿದ್ದು 1997ರಲ್ಲಿ; 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿ ತಂದಿತು. ಈಗ ಸ್ಟುಡಿಯೋಗಳ ಬಾಗಿಲಿಗೆ ಬರುವವರಲ್ಲಿ ಇಟ್ಟಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಹೊಸಪೇಟೆ, ದಾವಣಗೆರೆ, ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜು ಮುಗಿಸಿದವರೂ ಇರುತ್ತಾರೆ. ಅವರಿಗೆ ವಿದೇಶಿ ಗೇಮುಗಳ ಹೆಸರು ಗೊತ್ತಿರಬಹುದು, ಇಲ್ಲದಿರಬಹುದು. ಚೌಕಾಬಾರ ಮಾತ್ರ ಗೊತ್ತಿರುತ್ತದೆ. ಗುಡಿಯ ಹಾಸುಗಲ್ಲಿನ ಮೇಲೆ, ಮನೆಯ ಪಡಸಾಲೆಯಲ್ಲಿ, ಸೀಮೆಸುಣ್ಣದ ಗೆರೆಯಲ್ಲಿ ಆಡಿ ಬೆಳೆದ ಆಟ ಅದು. ಸಂದರ್ಶಕನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಇಲ್ಲ.

ಕೊಡಬೇಕಾದದ್ದು ಒಂದೇ ಸಾಲು: ಚೌಕಾಬಾರ ಬರೆಯಿರಿ, ಚಿತ್ರ ಬೇಡ, ನಿಯಮ ನಡೆದರೆ ಸಾಕು. ಒಳ್ಳೆಯ ಅಭ್ಯರ್ಥಿ ಕೀಬೋರ್ಡಿಗೆ ಕೈ ಹಾಕುವ ಮೊದಲು ಪ್ರಶ್ನೆ ಕೇಳುತ್ತಾನೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ? ಕಟ್ಟೆಯ ಮನೆಯಲ್ಲಿ ಎರಡು ಬಣ್ಣದ ಕಾಯಿ ಕೂರಬಹುದೇ? ಕಾಯಿ ಹೊಡೆದರೆ ಇನ್ನೊಂದು ಗರ ಸಿಗುತ್ತದೆಯೇ? ಊರಿಗೊಂದು ನಿಯಮವಿರುವ ಆಟವಾದ್ದರಿಂದ ಇವನ್ನು ಕೇಳದೆ ಬರೆಯಲು ಬಾರದು. ಗೇಮ್ ವಿನ್ಯಾಸಕಾರರ ಅರೆಬರೆ ವಿವರಣೆಯನ್ನು ಕೋಡಿಗೆ ಇಳಿಸುವುದೇ ಮುಂದೆ ಅವನ ನಿತ್ಯದ ಕೆಲಸ. ಕೇಳದೆ ಬರೆಯತೊಡಗಿದವನ ಬಗ್ಗೆ ಮೊದಲ ಐದು ನಿಮಿಷದಲ್ಲೇ ಒಂದು ವಿಷಯ ತಿಳಿದುಹೋಗುತ್ತದೆ.

ಮುಂದೆ ಮಣೆ. ಐದೈದರ 25 ಮನೆ: ಹೊರಸುತ್ತಿಗೆ 16, ಒಳಸುತ್ತಿಗೆ 8, ನಡುವೆ ಒಂದು. ಅವಸರದವರು ಅಡ್ಡ ಐದು, ಉದ್ದ ಐದರ ಕೋಷ್ಟಕ ತೆರೆದು, ಯಾವ ಮೂಲೆಯಲ್ಲಿ ಎತ್ತ ತಿರುಗಬೇಕೆಂಬ ಷರತ್ತುಗಳನ್ನು ಪುಟಗಟ್ಟಲೆ ಬರೆಯುತ್ತಾರೆ. ಯೋಚಿಸಿದವರಿಗೆ ಹೊಳೆಯುವುದು ಬೇರೆ: ಒಂದು ಕಾಯಿಯ ಸ್ಥಾನವೆಂದರೆ ತನ್ನ ಕಟ್ಟೆಯಿಂದ ಅದು ನಡೆದ ದೂರ, 0ಯಿಂದ 24ರವರೆಗಿನ ಒಂದೇ ಸಂಖ್ಯೆ, 24 ಮುಟ್ಟಿದರೆ ಹಣ್ಣು. ನಾಲ್ವರಿಗೂ ದಾರಿ ಒಂದೇ. ಪಕ್ಕದ ಆಟಗಾರನ ದಾರಿ ಹೊರಸುತ್ತಿನಲ್ಲಿ ನಾಲ್ಕು ಮನೆ, ಒಳಸುತ್ತಿನಲ್ಲಿ ಎರಡು ಮನೆ ಸರಿದಿರುತ್ತದೆ, ಒಳಗೆ ದಿಕ್ಕು ತಿರುಗುತ್ತದೆ, ಅಷ್ಟೇ. ಈ ಸಂಖ್ಯೆಯಿಂದ ಮಣೆಯ ಮನೆಯನ್ನು ಹುಡುಕುವ ಒಂದು ಪುಟ್ಟ ಫಂಕ್ಷನ್ ಇದ್ದರೆ ಕಾಯಿ ಹೊಡೆಯುವುದು ಎರಡು ಮನೆಗಳ ಹೋಲಿಕೆಯಾಗಿಬಿಡುತ್ತದೆ. ಅಭ್ಯರ್ಥಿ ಇದನ್ನು ತಾನೇ ಕಂಡುಕೊಳ್ಳುವ ಗಳಿಗೆಗಾಗಿ ಒಂದು ಸಂದರ್ಶನವನ್ನೇ ಏರ್ಪಡಿಸಬಹುದು. ಅಷ್ಟು ಸಂತೋಷ ಅದರಲ್ಲಿದೆ.

ಇಡೀ ಪ್ರಶ್ನೆಯ ಜೀವ ಮಾತ್ರ ಕವಡೆಯಲ್ಲಿದೆ. ಬರಬಹುದಾದ ಗರ ಐದು: ಒಂದು, ಎರಡು, ಮೂರು, ಚೌಕ (ನಾಲ್ಕು), ಬಾರ (ಎಲ್ಲ ಬೋರಲಾದರೆ ಎಂಟು). ಹೆಚ್ಚಿನವರು 1ರಿಂದ 5ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು, ಐದು ಬಂದರೆ ಎಂಟು ಎಂದು ಬರೆದು ಮುಂದೆ ಹೋಗುತ್ತಾರೆ. ಪ್ರೋಗ್ರಾಂ ಓಡುತ್ತದೆ, ತಪ್ಪೇನೂ ಕಾಣುವುದಿಲ್ಲ, ಆಟ ಮಾತ್ರ ಸತ್ತಿರುತ್ತದೆ. ನಾಲ್ಕು ಕವಡೆ ಬಿಸಾಡಿ, ಪ್ರತಿಯೊಂದೂ ಅಂಗಾತವೋ ಬೋರಲೋ ಸಮಸಮ ಬೀಳುತ್ತದೆಂದು ಹಿಡಿದರೆ ಒಟ್ಟು 16 ಬಗೆ. ಎರಡು ಬೀಳುವುದು ಅದರಲ್ಲಿ 6 ಬಗೆ, ಒಂದು ಮತ್ತು ಮೂರು ತಲಾ 4, ಚೌಕ ಮತ್ತು ಬಾರ ತಲಾ ಒಂದೇ. ಅಂದರೆ ಚೌಕ ಅಥವಾ ಬಾರ ಬಿದ್ದು ಮರುಗರ ಸಿಗುವುದು ನೂರಕ್ಕೆ 12.5 ಸಲ. ಅವಸರದ ಕೋಡಿನಲ್ಲಿ ನೂರಕ್ಕೆ 40! ಸರಾಸರಿ ಗರ 2.5 ಇದ್ದದ್ದು 3.6ಕ್ಕೆ ಏರುತ್ತದೆ. ಬಾರ ಬಿದ್ದಾಗ ಮನೆಮಂದಿಯೆಲ್ಲ ಕೂಗುವುದು ಅದು ಅಪರೂಪವೆಂದೇ. ಐದಕ್ಕೊಂದು ಸಲ ಬಿದ್ದರೆ ಯಾರು ಕೂಗುತ್ತಾರೆ? ನಾಲ್ಕು ಕವಡೆಯನ್ನು ಬೇರೆ ಬೇರೆಯಾಗಿ ಎಸೆದು ಅಂಗಾತ ಬಿದ್ದವನ್ನು ಎಣಿಸುವ ಎರಡು ಸಾಲಿನ ಕೋಡ್ ಬರೆದವನಿಗೆ ಆಟದ ರುಚಿ ಗೊತ್ತಿದೆ. ನಿಜವಾದ ಕವಡೆ ಸಮಸಮ ಬೀಳಬೇಕೆಂದೇನಿಲ್ಲ ಎಂದು ಆ ಸಂಭಾವ್ಯತೆಯನ್ನೂ ಹೊರಗಿನಿಂದ ಬದಲಿಸಲು ಬಿಟ್ಟವನನ್ನು ಕೈಬಿಡಬಾರದು.

ಹಲಗೆಯಾಟದ ಪ್ರಶ್ನೆ ಎಂದಾಗ ಕೆಲವು ಸಂದರ್ಶಕರು ಕುದುರೆಯ ನಡಿಗೆಗೆ ಕೈ ಚಾಚುತ್ತಾರೆ: ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಬೇಕು. ಇದರ ಮೇಲೆ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟ ಶ್ರಮ ದೊಡ್ಡದು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಪ್ರತಿ ಹೆಜ್ಜೆಯಲ್ಲೂ ಮುಂದಿನ ದಾರಿ ಅತಿ ಕಡಿಮೆ ಇರುವ ಮನೆಗೆ ಹೋಗು ಎಂಬ ವಾರ್ನ್ಸ್‌ಡಾರ್ಫ್‌ನ ಉಪಾಯ 1823ರದು. ಅರಸರು ಬಿಡುವಿನಲ್ಲಿ ಕೂತು ಬಿಡಿಸಿದ್ದನ್ನು, ಹೆಸರು ಪಡೆದ ಪಂಡಿತರು ಉಪಾಯ ಹುಡುಕಿದ್ದನ್ನು ಬೆವರುತ್ತಿರುವ ಹುಡುಗಿಯೊಬ್ಬಳು ಅರ್ಧ ತಾಸಿನಲ್ಲಿ ಹೊಸದಾಗಿ ಕಂಡುಹಿಡಿಯಬೇಕೆನ್ನುವುದು ಅನ್ಯಾಯ. ಮೊದಲೇ ಓದಿದವರು ಪಾಸು, ಓದದವರು ಫೇಲು. ಯೋಚಿಸುವ ಶಕ್ತಿ ಯಾರದ್ದೂ ತಿಳಿಯುವುದಿಲ್ಲ.

ಎರಡನೆಯ ಸುತ್ತಿಗೆ ಕೆಟ್ಟ ಕೋಡ್ ಕೊಡುವುದು ಉತ್ತಮ. ಮೂವತ್ತು ಸಾಲು, ಅದರಲ್ಲೊಂದು ಗುಂಡು, ಒಂದು ಗೋಡೆ. ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್. 60 ಫ್ರೇಮಿನಲ್ಲಿ ಅದು ಫ್ರೇಮಿಗೆ 5 ಮೀಟರ್ ಜಿಗಿಯುತ್ತದೆ. ಗೋಡೆಯ ದಪ್ಪ 20 ಸೆಂಟಿಮೀಟರ್. ಹೀಗಾಗಿ ಗುಂಡು ಒಂದು ಫ್ರೇಮಿನಲ್ಲಿ ಗೋಡೆಯ ಈಚೆ, ಮುಂದಿನದರಲ್ಲಿ ಆಚೆ. ಹಿಂದಿನ ಸ್ಥಾನದಿಂದ ಈಗಿನ ಸ್ಥಾನಕ್ಕೆ ಗೆರೆ ಎಳೆದು, ಆ ಗೆರೆ ಗೋಡೆಯನ್ನು ದಾಟುತ್ತದೆಯೇ ನೋಡಬೇಕೆಂದು ಅಭ್ಯರ್ಥಿ ಹೇಳಿದರೆ ಆಯಿತು. ಸೂತ್ರ ಮರೆತಿದ್ದರೆ ಸಂದರ್ಶಕನೇ ಕೊಡಲಿ. ಅದೇ ಕೋಡಿನಲ್ಲಿ ಕಳೆದ ಸಮಯದಿಂದ ಗುಣಿಸದೆ ಸ್ಥಾನಕ್ಕೆ ನೇರ ವೇಗ ಕೂಡಿಸಿದ ಸಾಲೊಂದನ್ನೂ ಇಡಬಹುದು. ಅಂಥ ಸಾಲಿದ್ದರೆ 60 ಫ್ರೇಮಿನ ಫೋನಿನಲ್ಲಿ ಸರಿಯಿದ್ದ ಆಟ 120 ಫ್ರೇಮಿನ ಫೋನಿನಲ್ಲಿ ಎರಡು ಪಟ್ಟು ಓಡುತ್ತದೆ.

ನಡೆಸುವ ರೀತಿಗೆ ಬಂದರೆ, ಸಿಟ್ಟು ಬರುವ ಎರಡು ಸಂಗತಿಗಳಿವೆ. ಒಂದು, ಸಂದರ್ಶನದ ಹೆಸರಿನಲ್ಲಿ ಇಡೀ ಗೇಮ್ ಮಾಡಿಕೊಂಡು ಬಾ ಎಂದು ಮನೆಗೆ ಕಳಿಸುವುದು. ವಾರಗಟ್ಟಲೆ ನಿದ್ದೆಗೆಟ್ಟು ಮಾಡಿದ್ದಕ್ಕೆ ಸಂಬಳವಿಲ್ಲ, ಎಷ್ಟೋ ಸಲ ಉತ್ತರವೂ ಇಲ್ಲ. ಇದು ಬಿಟ್ಟಿ ಚಾಕರಿ. ಕೆಲಸ ಕೊಡುವ ಸ್ಥಾನದಲ್ಲಿರುವವರು ಇದನ್ನು ಮಾಡಲೇಬಾರದು. ಇನ್ನೊಂದು, ಇಂಗ್ಲಿಷ್ ಮಾತಿನ ಸಲೀಸನ್ನು ಕೋಡಿನ ಜಾಣ್ಮೆ ಎಂದು ತಿಳಿಯುವುದು. ಕನ್ನಡ ಮಾಧ್ಯಮದಲ್ಲಿ ಓದಿದವರು ತಲೆಯಲ್ಲಿ ಲೆಕ್ಕ ಹಾಕುವುದು ಕನ್ನಡದಲ್ಲಿ. ಆ ಯೋಚನೆಯನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲೇ ಹೇಳಬೇಕೆಂದಾಗ ಮಾತು ತಡವರಿಸುತ್ತದೆ, ಕಾಗದದಲ್ಲಿ 'ಸಂವಹನ ದುರ್ಬಲ' ಎಂದು ಬೀಳುತ್ತದೆ, ಬಾಗಿಲು ಮುಚ್ಚುತ್ತದೆ. ಎದುರಿಗಿರುವ ಸಂದರ್ಶಕನಿಗೂ ಕನ್ನಡ ಬರುತ್ತಿರುತ್ತದೆ! “ಕನ್ನಡದಾಗ ಹೇಳ್ರಿ, ನಡೀತದ” ಎಂಬ ಒಂದು ಮಾತಿಗೆ ಭುಜ ಸಡಿಲವಾಗಿ, ಹತ್ತು ನಿಮಿಷದಿಂದ ನಿಂತಿದ್ದ ಕೋಡ್ ಮುಂದೆ ಸಾಗುತ್ತದೆ. ತಂಡದ ಜೊತೆ ಇಂಗ್ಲಿಷ್ ಬೇಕು, ನಿಜ. ಅದನ್ನು ಆರು ತಿಂಗಳಲ್ಲಿ ಕಲಿಸಬಹುದು. ಕವಡೆಯ ಲೆಕ್ಕ ಹೊಳೆಯುವ ತಲೆಯನ್ನು ಕಲಿಸಿ ತಯಾರಿಸುವುದು ಅಷ್ಟು ಸುಲಭವಲ್ಲ.

ಕೊನೆಗೆ ಅಂಕ. ಅಭ್ಯರ್ಥಿ ಹೊರಗೆ ಹೋದ ತಕ್ಷಣ, ಇನ್ನೊಬ್ಬ ಸಂದರ್ಶಕನ ಜೊತೆ ಮಾತಾಡುವ ಮೊದಲು, ಕಂಡದ್ದನ್ನು ಬರೆದಿಡಬೇಕು: ಏನು ಕೇಳಿದ, ಎಲ್ಲಿ ಸಿಕ್ಕಿಕೊಂಡ, ಸುಳಿವು ಕೊಟ್ಟಾಗ ಏನು ಮಾಡಿದ. ಕೋಡ್ ಪೂರ್ತಿಯಾಯಿತೇ ಎಂಬುದಕ್ಕೆ ಕಡಿಮೆ ತೂಕ ಸಾಕು. ಆಯ್ಕೆಯಾಗದವರಿಗೆ ಕಾರಣ ತಿಳಿಸಿ ಎರಡು ಸಾಲು ಬರೆಯಲು ಐದು ನಿಮಿಷ ಹಿಡಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಬಂದವರಿಗೆ ಆ ಎರಡು ಸಾಲನ್ನು ದಯವಿಟ್ಟು ಬರೆಯಿರಿ.