ಹಿತ್ತಲ ನೀರು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳಿದಾಗಲೆಲ್ಲ ನಮಗೆ ಹೊಟ್ಟೆಯುರಿಯುತ್ತಿತ್ತು. ಗಿಡದ ಮಾತು ಹಾಗಿರಲಿ, ನಮಗೆ ಹಿತ್ತಲೇ ಇರಲಿಲ್ಲ. ಧಾರವಾಡ ಬಿಟ್ಟು ಪುಣೆಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಮೂರನೆಯ ಮಹಡಿಯ ಮೇಲೆ ಕಳೆದೆವು. ನಮ್ಮ ತೋಟವೆಂದರೆ ಎಣ್ಣೆಯ ಡಬ್ಬಿಯಲ್ಲೊಂದು ತುಲಸಿ, ಒಡೆದ ಬಕೆಟ್ಟಿನಲ್ಲೊಂದು ಕರಿಬೇವು. ಆದ್ದರಿಂದ ಕೋಥ್ರೂಡಿನಲ್ಲಿ ನೆಲಮಹಡಿಯ ಹಳೆಯ ಮನೆಯೊಂದು ಸಿಕ್ಕಿ, ಅದರ ಹಿಂದೆ ಒಂದಿಷ್ಟು ಬರಿ ನೆಲವೂ ಇದೆಯೆಂದು ತಿಳಿದಾಗ ಮನೆಯ ಸೋರುವ ಛಾವಣಿ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಈ ಬರಹದಲ್ಲಿ ‘ನಾವು’ ಎಂದರೆ ಗಂಡಹೆಂಡಿರಿಬ್ಬರು. ಯಾವ ತಪ್ಪನ್ನು ಯಾರು ಮಾಡಿದರೆಂದು ಬಿಡಿಸಿ ಹೇಳುವುದಿಲ್ಲ. ಮನೆಯ ಶಾಂತಿ ದೊಡ್ಡದು.

ಮೊದಲು ಆಯುಧಗಳು. ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋಗಿ ಗುದ್ದಲಿ, ಸಲಿಕೆ, ಹಲ್ಲುಕುಂಟೆ, ಉದ್ದ ಹಿಡಿಯ ಕತ್ತರಿ, ಹುಲ್ಲು ಕತ್ತರಿಸುವ ತಳ್ಳುಯಂತ್ರ ಎಲ್ಲ ಕೊಂಡು ತಂದೆವು. ರಿಕ್ಷಾದವನು, ‘ಎಷ್ಟು ಎಕರೆ, ಸಾಹೇಬರೆ?’ ಎಂದು ಕೇಳಿದ. ಮನೆಗೆ ಬಂದು ಗೇಣುದ್ದ ಅಗೆದರೆ ಮಣ್ಣಿನ ಬದಲು ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ, ಯಾರದೋ ಚಪ್ಪಲಿ! ಹೊಸ ಸಲಿಕೆಯ ಹಿಡಿ ಎರಡನೆಯ ದಿನವೇ ಮುರಿಯಿತು. ಕೊನೆಗೂ ಕೆಲಸಕ್ಕೆ ಬಂದದ್ದು ಧಾರವಾಡದಿಂದ ಪಾತ್ರೆಗಳ ನಡುವೆ ಸೇರಿಕೊಂಡು ಬಂದಿದ್ದ, ಅಜ್ಜಿಯ ಕಾಲದ ಕುರ್ಪಿ.

ಹಿತ್ತಲಿನಲ್ಲಿ ಏನಿರಬೇಕೆಂಬ ಬಗ್ಗೆ ನಮ್ಮಲ್ಲಿ ಭೇದವಿತ್ತು. ಒಂದು ಪಕ್ಷಕ್ಕೆ ಬಸಳೆ, ದೊಡ್ಡಪತ್ರೆ, ಪಪ್ಪಾಯಿ ಬೇಕು. ಇನ್ನೊಂದು ಪಕ್ಷಕ್ಕೆ ಸಿನಿಮಾದಲ್ಲಿ ಕಾಣುವಂಥ ಹುಲ್ಲುಹಾಸು ಬೇಕು. ಬೇಲಿಯ ಬದಿ ಮೊದಲ ಪಕ್ಷಕ್ಕೆ, ಇಪ್ಪತ್ತಡಿ ಉದ್ದ ಹತ್ತಡಿ ಅಗಲದ ನಡುಜಾಗ ಎರಡನೆಯ ಪಕ್ಷಕ್ಕೆ ಎಂದು ಒಪ್ಪಂದವಾಯಿತು. ಮಾಳಿ ಬಂದು, ‘ಬರ್ಮುಡಾ’ ಎಂಬ ಭಾರಿ ಹೆಸರಿನ ಹುಲ್ಲನ್ನು ತಂದು, ಬೇರು ಬಿಡಿಸಿ ಸಾಲಾಗಿ ಊರಿ, ಹೆಸರಿಗೆ ತಕ್ಕ ಬೆಲೆ ತೆಗೆದುಕೊಂಡು ಹೋದ. ಒಂದು ತಿಂಗಳಿಗೆ ಅದು ಚಿಗುರಿ ಹರಡಿತು. ಊರಿನಿಂದ ಬಂದಿದ್ದ ನಮ್ಮ ಅತ್ತೆ ಬಗ್ಗಿ ನೋಡಿ, ‘ಏನ್ರೋ, ರೊಕ್ಕಾ ಕೊಟ್ಟು ಗರಿಕಿ ಹಚ್ಚೀರಿ!’ ಎಂದರು. ನಿಜವೇ. ಬರ್ಮುಡಾ ಎಂದರೆ ನಮ್ಮ ಗಣಪತಿಗೆ ಏರಿಸುವ ಗರಿಕೆಯೇ. ಊರಿನಲ್ಲಿ ಹೊಲದಿಂದ ಕಿತ್ತು ಬದುವಿಗೆ ಎಸೆಯುತ್ತಿದ್ದುದನ್ನು ಇಲ್ಲಿ ಹಣ ಕೊಟ್ಟು ನೆಟ್ಟಿದ್ದೆವು.

ಆದರೆ ಆ ಗರಿಕೆಯಿಂದ ನಮಗೆ ಒಂದು ಲಾಭವಾಯಿತು. ಚೌತಿಯ ಬೆಳಗ್ಗೆ ಅಕ್ಕಪಕ್ಕದ ಮನೆಯವರೆಲ್ಲ ತಟ್ಟೆ ಹಿಡಿದು ‘ದೂರ್ವಾ’ ಕೇಳಿಕೊಂಡು ಬರತೊಡಗಿದರು. ಇಪ್ಪತ್ತೊಂದು ಎಸಳಿನ ಒಂದು ಕಟ್ಟಿಗೆ ಮಂಡಈಯಲ್ಲಿ ಹಬ್ಬದ ದಿನ ಕೇಳುವ ಬೆಲೆ ಪುಣೆಯವರಿಗೆ ಗೊತ್ತೇ ಇದೆ. ವರ್ಷಗಟ್ಟಲೆ ಮೆಟ್ಟಿಲ ಮೇಲೆ ಮುಗುಳ್ನಗೆಯಲ್ಲೇ ಮುಗಿಯುತ್ತಿದ್ದ ಪರಿಚಯಗಳು ಈಗ ಹಿತ್ತಲಿಗೆ ಬಂದು ಕೂತವು. ಬೇಲಿಯಾಚೆಯ ಮನೆಯ ಹುಡುಗನಂತೂ ಆಗ ನಾಲ್ಕು ವರ್ಷದವನು. ಗರಿಕೆಯನ್ನು ಎಣಿಸುತ್ತಲೇ ಇಪ್ಪತ್ತೊಂದರವರೆಗೆ ಲೆಕ್ಕ ಕಲಿತ.

2015ರ ಮಳೆಗಾಲ ಕೈಕೊಟ್ಟು, ಊರಿಗೆಲ್ಲ ದಿನ ಬಿಟ್ಟು ದಿನ ನಲ್ಲಿ ಬರುವಂತಾದಾಗ ನಮಗೆ ಹುಲ್ಲುಹಾಸಿನ ನಿಜವಾದ ಬೆಲೆ ತಿಳಿಯಿತು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು ಒಂದು ಲೀಟರು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ಬೇಕೆಂದರೂ ನಮ್ಮ ಆ ಸಣ್ಣ ತುಂಡಿಗೆ ತೊಂಬತ್ತು ಲೀಟರು! ಖಡಕ್‌ವಾಸಲಾ ಬತ್ತುತ್ತಿರುವಾಗ ಯಾವ ಮುಖ ಹೊತ್ತು ಸುರಿಯುವುದು? ಪಾತ್ರೆ ತೊಳೆದ ನೀರು ಬಸಳೆಗೆ ಹೋಯಿತು, ಹುಲ್ಲು ಚಾಪೆಯ ಬಣ್ಣಕ್ಕೆ ತಿರುಗಿತು. ಸತ್ತೇ ಹೋಯಿತೆಂದು ಕೈಬಿಟ್ಟಿದ್ದೆವು. ಮರುವರ್ಷದ ಮಳೆ ಬಿದ್ದ ವಾರದೊಳಗೆ ಗೆಣ್ಣುಗೆಣ್ಣಿನಲ್ಲಿ ಹಸಿರು ಒಡೆಯಿತು. ಗರಿಕೆಯ ಜೀವ ನೆಲದೊಳಗಿರುತ್ತದೆ. ಮೇಲೆ ಒಣಗಿದ್ದನ್ನು ನೋಡಿ ತೀರ್ಮಾನಿಸಬಾರದು.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. 2018ರ ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪಪ್ರದರ್ಶನಕ್ಕೆ ಹೋದೆವು. ಅದನ್ನು ನಡೆಸುವ ಕೃಷಿ-ತೋಟಗಾರಿಕೆ ಸಂಘ 1830ರಷ್ಟು ಹಳೆಯದು. ಅಲ್ಲಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದವರನ್ನು ನಾವಂತೂ ಕಂಡಿಲ್ಲ. ನಮ್ಮ ಕೈಗೆ ಬಂದದ್ದು ನೈದಿಲೆಯ ಗಡ್ಡೆ. ಗಡ್ಡೆಗಾಗಿ ಮೂರಡಿ ಅಗಲದ ಸಿಮೆಂಟಿನ ತೊಟ್ಟಿ ಬಂತು. ಅದಕ್ಕೆ ನಾವು ‘ಕೊಳ’ ಎಂದು ಹೆಸರಿಟ್ಟೆವು. ಮಾರಿದವನು, ‘ನಾಲ್ಕು ಗಪ್ಪಿ ಮೀನು ಬಿಡಿ’ ಎಂದು ಹೇಳಿದ್ದ. ಮೀನು ಬಿಟ್ಟರೆ ನೀರು ಹೊಲಸಾದೀತು ಎಂದು ನಮ್ಮಿಬ್ಬರಲ್ಲಿ ಒಬ್ಬರು ಹೇಳಿದರು, ಇನ್ನೊಬ್ಬರು ಒಪ್ಪಿದರು. ಮಳೆಗಾಲಕ್ಕೆ ಹೂವೂ ಬಿಟ್ಟಿತು. ಬೇಲಿಯಾಚೆಯ ಹುಡುಗ ಶಾಲೆಯಿಂದ ಬಂದವನೇ ತೊಟ್ಟಿಯ ಕಟ್ಟೆಯ ಮೇಲೆ ಮೊಣಕೈ ಊರಿ ನೋಡುತ್ತ ನಿಲ್ಲುತ್ತಿದ್ದ.

ಆಗಸ್ಟ್ ಕೊನೆಯ ವಾರದ ಒಂದು ಸಂಜೆ ಅವನ ತಾಯಿ ಬೇಲಿಯ ಹತ್ತಿರ ಬಂದು, ‘ಕಾಕೂ, ಪಪಈಚೀ ಪಾನಂ ದ್ಯಾಲ ಕಾ?’ ಎಂದು ಕೇಳಿದಳು. ಹುಡುಗನಿಗೆ ಡೆಂಗ್ಯೂ. ಪಪ್ಪಾಯಿ ಎಲೆಯ ರಸ ಒಳ್ಳೆಯದೆಂದು ಯಾರೋ ಹೇಳಿದ್ದರು. ಆ ಜ್ವರಕ್ಕೆಂದೇ ಬೇರೆ ಮದ್ದಿಲ್ಲ. ದೇಹದಲ್ಲಿ ನೀರಿನಂಶ ಕಾಯ್ದುಕೊಂಡು, ವೈದ್ಯರ ಕಣ್ಣಳತೆಯಲ್ಲಿ ಇರಬೇಕಷ್ಟೆ. ಆದರೆ ಹೆದರಿದ ತಾಯಿಗೆ ಯಾರು ಹೇಳುವವರು? ಎಳೆಯ ಎಲೆಗಳನ್ನೇ ಆರಿಸಿ ಕೊಟ್ಟೆವು. ಕೊಂಚ ಹೆಮ್ಮೆಯೂ ಆಯಿತೆಂದು ಈಗ ಹೇಳಲು ನಾಚಿಕೆ. ನಮ್ಮ ಹಿತ್ತಲ ಗಿಡ ಮದ್ದಾಗಿತ್ತಲ್ಲ! ಮರುದಿನ ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಮೂರನೆಯ ದಿನ ಆರೋಗ್ಯ ಖಾತೆಯ ಹೆಣ್ಣುಮಗಳೊಬ್ಬಳು ಸುತ್ತಲಿನ ಮನೆಗಳನ್ನು ನೋಡುತ್ತ ನಮ್ಮಲ್ಲಿಗೂ ಬಂದಳು. ಕೊಳಕ್ಕೆ ಟಾರ್ಚು ಬಿಟ್ಟು, ಬಿಳಿಯ ಬಟ್ಟಲಿನಲ್ಲಿ ನೀರು ಮೊಗೆದು ನಮ್ಮೆದುರು ಹಿಡಿದಳು. ಕೂದಲಿನ ಚೂರಿನಂಥವು ಹತ್ತಾರು, ಕೊಂಕಿ ಕೊಂಕಿ ಈಜುತ್ತಿದ್ದವು. ಹೂಕುಂಡಗಳ ತಟ್ಟೆಗಳಲ್ಲೂ ಅವೇ. ಅವಳು ಗದರಲಿಲ್ಲ, ಪಾಠ ಹೇಳಿದಳು. ಡೆಂಗ್ಯೂ ಹರಡುವ ಸೊಳ್ಳೆಗೆ ಗಟಾರ ಬೇಡ, ನಿಂತ ತಿಳಿನೀರೇ ಬೇಕು. ಅದು ಕಚ್ಚುವುದು ಹಗಲಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದು ದೂರ ಹಾರುವುದಿಲ್ಲ, ಹುಟ್ಟಿದ ಜಾಗದ ಆಸುಪಾಸಿನಲ್ಲೇ ಸುಳಿದಾಡುತ್ತದೆ.

ಆಸುಪಾಸು ಎಂದರೆ ಬೇಲಿಯಾಚೆ. ಅದನ್ನು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೊಳವನ್ನು ಆ ಗಳಿಗೆಯಲ್ಲೇ ಬರಿದುಮಾಡಿದೆವು. ಆಮೇಲೆ ನಾಲ್ಕು ದಿನ ನಾವಿಬ್ಬರೂ ವಕೀಲರಾದೆವು. ಸೊಳ್ಳೆ ಶಾಲೆಯಲ್ಲಿ ಕಚ್ಚಿರಬಹುದು, ಕಟ್ಟುತ್ತಿರುವ ಎದುರಿನ ಕಟ್ಟಡದ ನೀರಿನಿಂದ ಬಂದಿರಬಹುದು, ನಮಗೇಕೆ ಕಚ್ಚಲಿಲ್ಲ? ವಾದಗಳೆಲ್ಲ ಬಲವಾಗಿಯೇ ಇದ್ದವು. ಹೇಳುವುದರಿಂದ ಹುಡುಗನಿಗೇನೂ ಉಪಯೋಗವಿಲ್ಲ ಎಂಬುದಂತೂ ಎಲ್ಲಕ್ಕಿಂತ ಬಲವಾಗಿತ್ತು. ಆದರೆ ರಾತ್ರಿ ಊಟಕ್ಕೆ ಕೂತರೆ ಇಬ್ಬರಿಗೂ ತುತ್ತು ಇಳಿಯುತ್ತಿರಲಿಲ್ಲ.

ಹುಡುಗ ಗುಣವಾಗಿ ಮನೆಗೆ ಬಂದ ದಿನ ಹೋಗಿ ಹೇಳಿದೆವು. ಅವನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಎಲೆ ಕೇಳಲು ಬಂದಾಗ ನಿಮಗೆ ಗೊತ್ತಿತ್ತೆ?’ ಎಂದಳು. ಇಲ್ಲವೆಂದೆವು. ‘ಗೊತ್ತಾದ ದಿನವೇ ಹೇಳಬಹುದಿತ್ತು’ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ವರ್ಷದ ಚೌತಿಗೆ ಅವರ ಮನೆಗೆ ಗರಿಕೆ ಮಂಡಈಯಿಂದ ಬಂತು.

ಈಗ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ‘ಒಣ ವ್ರತ’. ಕುಂಡದ ತಟ್ಟೆ, ಕೂಲರು, ಹಕ್ಕಿಯ ನೀರಿನ ಬೋಗುಣಿ ಎಲ್ಲ ಬಗ್ಗಿಸಿ, ಒಳಮೈಯನ್ನು ತೆಂಗಿನ ಜುಂಗಿನಿಂದ ತಿಕ್ಕಿ ತೊಳೆಯುತ್ತೇವೆ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಮೇಲೆ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಕಾದಿದ್ದು, ಮತ್ತೆ ನೀರು ತಾಗಿದರೆ ಒಡೆಯುತ್ತವೆ. ಗರಿಕೆಯ ಛಲ ಸೊಳ್ಳೆಗೂ ಇದೆ. ಹುಲ್ಲುಹಾಸನ್ನು ಅರ್ಧಕ್ಕೆ ಇಳಿಸಿ ಉಳಿದುದನ್ನು ಬಸಳೆಯ ಪಕ್ಷಕ್ಕೆ ಬಿಟ್ಟುಕೊಟ್ಟಿದ್ದೇವೆ. ನೈದಿಲೆಯನ್ನು ಎಸೆಯಲು ಮನಸ್ಸು ಬಾರದೆ, ತಿಕ್ಕಿ ತೊಳೆದ ತೊಟ್ಟಿಯಲ್ಲಿ ಎಂಟು ಗಪ್ಪಿಗಳೊಡನೆ ಮತ್ತೆ ಇಟ್ಟೆವು.

2019ರ ಚೌತಿಯ ಬೆಳಗ್ಗೆ ಬಾಗಿಲ ಬಳಿ ತಟ್ಟೆಯ ಸದ್ದಾಯಿತು. ಹುಡುಗ ನಿಂತಿದ್ದ. ಗರಿಕೆಯ ಕಡೆ ಹೋಗದೆ ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದ. ‘ಆಈ ಮೊದಲು ಮೀನು ಎಣಿಸಿ ಬಾ ಅಂದಿದ್ದಾಳೆ’ ಎಂದ. ಎಣಿಸಿದ. ಇಪ್ಪತ್ತೊಂದಕ್ಕೆ ನಿಲ್ಲಲಿಲ್ಲ, ಮರಿಗಳೂ ಆಗಿದ್ದವು. ಆಮೇಲೆ ಗರಿಕೆ ಕೀಳಲು ಕುಳಿತ. ಅಜ್ಜಿಯ ಕುರ್ಪಿಯನ್ನು ಅವನ ಕೈಗೆ ಕೊಟ್ಟೆವು.